ನಾಸಿಕ್ ವೈನ್ ಸೀಮೆಗೆ ಎರಡು ರಾತ್ರಿ: ಕಲಬುರಗಿಯಿಂದ ಹೋಗುವವರು ರೂಮು ಎಲ್ಲಿ ಹಿಡಿಯಬೇಕು?

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ರೊಕ್ಕ ಆಡುವ ಹೊತ್ತಿಗೆ ಸರಿಯಾಗಿ ನಾಸಿಕ್‌ನಲ್ಲಿ ದ್ರಾಕ್ಷಿ ಕಟಾವು ಶುರುವಾಗಿರುತ್ತದೆ. ಕಲಬುರಗಿಯಲ್ಲಿ ಆಗಿನ್ನೂ ಬಿಸಿಲು ಜೋರಾಗಿರುವುದಿಲ್ಲ, ಅಲ್ಲಿ ರಾತ್ರಿ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ. ಎರಡು ದಿನ ಊರು ಬಿಡಲು ಇದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ. ನಾನು ಮೂರು ಸಲ ಹೋಗಿ ಬಂದಿದ್ದೇನೆ. ರೂಮಿನ ವಿಷಯದಲ್ಲಿ ಮೊದಲ ಸಲ ಪೂರಾ ತಪ್ಪಿದೆ, ಎರಡನೇ ಸಲ ಅರ್ಧ ತಪ್ಪಿದೆ, ಮೂರನೇ ಸಲ ಸರಿಹೋಯಿತು. ಅದಕ್ಕೇ ಗೆಳೆಯರು ಹೊರಡುವ ಮೊದಲು ನನಗೆ ಫೋನ್ ಮಾಡುತ್ತಾರೆ. ಪ್ರತಿಯೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಸಲದ ಕಥೆ ಕೇಳಿ. ಏಪ್ರಿಲ್ ನಡುವೆ, ಮಕ್ಕಳ ಪರೀಕ್ಷೆ ಮುಗಿದ ವಾರ. ಫೋಟೋದಲ್ಲಿ ಕಿಟಕಿ ತುಂಬ ಹಸಿರು ಬಳ್ಳಿ, ಮಂಜು, ಮೇಜಿನ ಮೇಲೆ ಎರಡು ಗ್ಲಾಸು. ಹೋಗಿ ಪರದೆ ಸರಿಸಿದರೆ ಕಬ್ಬಿಣದ ಕಂಬ, ತಂತಿ, ತಂತಿಗೆ ಅಂಟಿಕೊಂಡ ಒಣ ಕಡ್ಡಿ. ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮಾಡಿ ಎರಡು ದಿನ ಆಗಿತ್ತಂತೆ. ಅದೂ ಹೋಗಲಿ, ರಾತ್ರಿ ಎಂಟೂವರೆಗೆ ಊಟಕ್ಕೆ ಅಂತ ಕೆಳಗೆ ಬಂದರೆ ಅಡುಗೆಮನೆ ಬಂದ್. ಹತ್ತಿರದ ಹೋಟೆಲ್ ಆರು ಕಿಲೋಮೀಟರ್ ದೂರ. ಆ್ಯಪ್‌ನಲ್ಲಿ ಗಾಡಿ ಹುಡುಕಿದರೆ ಚಕ್ರ ತಿರುಗಿದ್ದೇ ತಿರುಗಿದ್ದು, ಒಬ್ಬನೂ ಒಪ್ಪಲಿಲ್ಲ. ಕೊನೆಗೆ ಅವ್ವ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಂಡು ಆ ದುಬಾರಿ ರೂಮಿನ ಬಿಳಿ ಹಾಸಿಗೆ ಮೇಲೆ ಪೇಪರ್ ಹಾಸಿ ಕೂತು ತಿಂದೆವು.

ಅವತ್ತು ಗೊತ್ತಾಗಿದ್ದು ಇಷ್ಟೇ. ವೈನ್ ಸೀಮೆಯಲ್ಲಿ ರೂಮು ಆರಿಸುವ ಮೊದಲು ಸಂಜೆ ಆರಿಸಬೇಕು. ಸಂಜೆ ಆರರ ಮೇಲೆ ನೀವು ಎಲ್ಲಿರುತ್ತೀರಿ, ಅಲ್ಲಿಂದ ಹಾಸಿಗೆಗೆ ಹೇಗೆ ಬರುತ್ತೀರಿ, ಸ್ಟೇರಿಂಗ್ ಹಿಡಿಯುವವನು ಯಾರು ಅನ್ನುವುದು ತೀರ್ಮಾನವಾದರೆ ರೂಮು ತಾನಾಗೇ ಸಿಗುತ್ತದೆ.

(ದ್ರಾಕ್ಷಿ ನೋಡಲು ಅಷ್ಟು ದೂರ ಯಾಕೆ, ಪಕ್ಕದಲ್ಲೇ ವಿಜಯಪುರ ಇದೆಯಲ್ಲ ಅಂತೀರಾ? ಖರೆ. ಆದರೆ ಅಲ್ಲಿ ಬಹಳಷ್ಟು ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಹೋಗುತ್ತದೆ, ಅದು ಒಣದ್ರಾಕ್ಷಿಯ ಸೀಮೆ. ಕರ್ನಾಟಕಕ್ಕೂ 2007ರಿಂದ ವೈನ್ ನೀತಿ ಇದೆ, ಆದರೂ ತೋಟದಲ್ಲೇ ಉಳಿದು, ಕುಡಿದು, ಉಂಡು ಬರುವ ಏರ್ಪಾಡು ನಾಸಿಕ್‌ನಲ್ಲಿ ಇರುವಷ್ಟು ನಮ್ಮ ಕಡೆ ಇಲ್ಲ.)

ಮೊದಲು ಗಂಟೆ ಎಣಿಸಿ

ಎರಡು ರಾತ್ರಿ ಅಂದರೆ ಎರಡು ದಿನ ಅಲ್ಲ. ಒಂದೂವರೆ ದಿನ, ಅದೂ ಎಲ್ಲ ಸರಿಯಾಗಿ ನಡೆದರೆ. ರಸ್ತೆಯಲ್ಲಿ ಹೋದರೆ ಸೋಲಾಪುರ, ಕರಮಾಳಾ, ಅಹಿಲ್ಯಾನಗರ (ಹಳೇ ಅಹಮದ್‌ನಗರ), ಸಿನ್ನರ್ ದಾಟಿ ಸುಮಾರು 500 ಕಿ.ಮೀ. ಬೆಳಗಿನ ಜಾವ ಬಿಟ್ಟರೂ ತಲುಪುವಷ್ಟರಲ್ಲಿ ಸಂಜೆ. ರೈಲಾದರೆ ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿಯಲ್ಲಿ ನಿಂತು ಸೋಲಾಪುರ, ದೌಂಡ್ ಮೇಲೆ ಮನ್ಮಾಡ್‌ಗೆ ಹೋಗುತ್ತದೆ. ಅದು ನಾಸಿಕ್‌ಗೆ ಹೋಗುವುದಿಲ್ಲ, ನೆನಪಿರಲಿ. ಮನ್ಮಾಡ್‌ನಲ್ಲಿ ಇಳಿದು ಮುಂಬೈ ಕಡೆಯ ಇನ್ನೊಂದು ರೈಲು ಹಿಡಿದರೆ ನಾಸಿಕ್ ರೋಡ್. ನಡುವೆ ಲಾಸಲ್‌ಗಾಂವ್ ಬರುತ್ತದೆ, ಉಳ್ಳಾಗಡ್ಡಿ ಬೆಳೆಯುವವರಿಗೆ ಆ ಹೆಸರು ಹೇಳಬೇಕಾಗಿಲ್ಲ. ನಾಸಿಕ್ ರೋಡ್ ಸ್ಟೇಷನ್ನಿನಿಂದ ಊರ ನಡುವಿಗೇ ಒಂಬತ್ತು ಹತ್ತು ಕಿಲೋಮೀಟರ್, ವೈನರಿಗಳು ಊರು ದಾಟಿ ಇನ್ನೂ ಆಚೆ.

ಹೀಗಾಗಿ ಮೊದಲ ದಿನ ನೀವು ರೂಮಿಗೆ ಕಾಲಿಡುವಾಗ ರಾತ್ರಿ ಏಳೋ ಎಂಟೋ ಆಗಿರುತ್ತದೆ. ಆ ರಾತ್ರಿಗೆ ತೋಟದ ನಡುವಿನ ದುಬಾರಿ ರೂಮು ಹಿಡಿದರೆ ಕತ್ತಲೆಗೆ ರೊಕ್ಕ ಕೊಟ್ಟಂತೆ. ಬಳ್ಳಿ ಕಾಣುವುದಿಲ್ಲ, ವೈನ್ ರುಚಿ ನೋಡುವ ಕೋಣೆಯ ಕೊನೇ ಸರದಿ ಮುಗಿದಿರುತ್ತದೆ, ಮೈ ಕೈ ನೋವಿಗೆ ಬಿಸಿನೀರು ಬಿಟ್ಟರೆ ಬೇರೇನೂ ಬೇಕಾಗಿರುವುದಿಲ್ಲ.

ಚಿಕ್ಕ ಪ್ರವಾಸದಲ್ಲಿ ರೂಮು ಬದಲಿಸಬಾರದು, ಗಂಟುಮೂಟೆ ಕಟ್ಟುವುದರಲ್ಲೇ ದಿನ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬೇರೆ ಕಡೆ ನಾನೂ ಅದನ್ನೇ ಹೇಳುತ್ತೇನೆ. ನಾಸಿಕ್‌ಗೆ ಮಾತ್ರ ಆ ಮಾತು ಒಪ್ಪುವುದಿಲ್ಲ. ಊರಿಗೂ ತೋಟಕ್ಕೂ ನಡುವೆ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಮೊದಲ ರಾತ್ರಿ ಊರೊಳಗೆ ಸಾದಾ ರೂಮು, ಎರಡನೇ ರಾತ್ರಿ ತೋಟದಲ್ಲಿ. ಮೂರನೇ ಸಲ ನಾವು ಮಾಡಿದ್ದು ಇದನ್ನೇ.

ಜೊತೆಗೆ ಯಾರು ಬರುತ್ತಾರೆ?

ಗಂಡ ಹೆಂಡತಿ ಇಬ್ಬರೇ ಆದರೆ ಲೆಕ್ಕ ಸುಲಭ. ನಾಲ್ವರು ಗೆಳೆಯರಾದರೆ ಇನ್ನೂ ಸುಲಭ, ಎಲ್ಲಿ ಮಲಗಿದರೂ ನಡೆಯುತ್ತದೆ. ಕಷ್ಟ ಬರುವುದು ನಮ್ಮ ಮನೆಗಳ ಹಾಗೆ ಅವ್ವ, ಮಕ್ಕಳು, ಕುಡಿಯುವ ಭಾವ, ಕುಡಿಯದ ಅಣ್ಣ ಎಲ್ಲರೂ ಒಂದೇ ಗಾಡಿಯಲ್ಲಿ ಹೊರಟಾಗ. 'ನಾಸಿಕ್‌ಗೆ ಹೊರಟಿದ್ದೇವೆ' ಅಂದ ಕೂಡಲೇ ಅವ್ವನ ಕಿವಿಗೆ ಬೀಳುವುದು ಪಂಚವಟಿ, ರಾಮಕುಂಡ, ತ್ರ್ಯಂಬಕೇಶ್ವರ. ಭಾವನ ಕಿವಿಗೆ ಬೀಳುವುದು ಬೇರೆ.

ಎರಡನ್ನೂ ಒಂದೇ ಹೊತ್ತಿನಲ್ಲಿ ಬೆರೆಸಬೇಡಿ. ಒಂದು ಬೆಳಿಗ್ಗೆ ದೇವರಿಗೆ, ಒಂದು ಸಂಜೆ ವೈನಿಗೆ ಅಂತ ಮೊದಲೇ ಮನೆಯಲ್ಲಿ ಹೇಳಿಬಿಡಿ. ಮುಚ್ಚಿಟ್ಟು ಅಲ್ಲಿ ಹೋಗಿ ಹೇಳಿದರೆ ಗಾಡಿಯೊಳಗೆ ಮೌನ ಆವರಿಸುತ್ತದೆ, ಅನುಭವದ ಮಾತು. ಇನ್ನು ನಾರಾಯಣ ನಾಗಬಲಿಯಂಥ ಪೂಜೆ ಮಾಡಿಸಲು ಹೋಗುವವರು ತ್ರ್ಯಂಬಕದಲ್ಲೇ ಉಳಿಯಬೇಕು. ಅದು ಮೂರು ದಿನದ ಕೆಲಸ, ಆ ಪ್ರವಾಸಕ್ಕೆ ವೈನ್ ಸೇರಿಸುವ ಆಲೋಚನೆಯೇ ಬೇಡ.

ಮಹಾರಾಷ್ಟ್ರದಲ್ಲಿ ವೈನ್ ಕುಡಿಯಲು 21 ತುಂಬಿರಬೇಕು. ಕಾಲೇಜಿಗೆ ಹೋಗುವ ತಮ್ಮ ಜೊತೆಗಿದ್ದರೆ ಅವನಿಗೆ ದ್ರಾಕ್ಷಿ ರಸವೇ ಗತಿ. ಎಲ್ಲರೂ ಗುರುತಿನ ಚೀಟಿ ಇಟ್ಟುಕೊಳ್ಳಿ.

ನಕ್ಷೆ ತೆಗೆದು ನಾಲ್ಕು ಕಡೆ ನೋಡಿ

ಇಲ್ಲಿ ಒಂದು ತಮಾಷೆ. ನಾಸಿಕ್‌ನ ವೈನ್ ಸೀಮೆಗೆ ಹೋಗುವ ಮುಖ್ಯ ರಸ್ತೆಯ ಹೆಸರು ಗಂಗಾಪುರ ರೋಡ್. ನಮ್ಮ ಅಫಜಲಪುರ ತಾಲ್ಲೂಕಿನ ದತ್ತನ ಗಾಣಗಾಪುರಕ್ಕೆ ಇಳಿಯುವ ರೈಲ್ವೆ ಸ್ಟೇಷನ್ ಗಾಣಗಾಪುರ ರೋಡ್. ನಾನು ಫೋನಿನಲ್ಲಿ 'ಗಂಗಾಪುರ ರೋಡಿನಲ್ಲಿ ರೂಮು ಸಿಕ್ಕಿತು' ಅಂದಿದ್ದಕ್ಕೆ ಅವ್ವ ಎರಡು ದಿನ ಮಡಿಸೀರೆ ಎತ್ತಿಟ್ಟಿದ್ದಳು. ಆನ್‌ಲೈನ್‌ನಲ್ಲಿ ಹುಡುಕುವಾಗಲೂ ಊರಿನ ಹೆಸರು ಜೊತೆಗೆ ಹಾಕಿ, ಇಲ್ಲದಿದ್ದರೆ ನಿಮ್ಮ ಫೋನು ಭೀಮಾ ತೀರಕ್ಕೆ ದಾರಿ ತೋರಿಸುತ್ತದೆ.

ಗಂಗಾಪುರ ಜಲಾಶಯದ ಕಡೆಯೇ ಹೊಸಬರಿಗೆ ಸರಿ. ಗೋದಾವರಿಗೆ ಕಟ್ಟಿದ ಅಣೆಕಟ್ಟು, ಅದರ ಸುತ್ತ ಸಣ್ಣ ಗುಡ್ಡ, ಇಳಿಜಾರಿನಲ್ಲಿ ತೋಟ. ರಾಜೀವ್ ಸಾಮಂತ್ ಅವರ ಸುಲಾ ವೈನ್‌ಯಾರ್ಡ್ಸ್ ಇರುವುದು ಇಲ್ಲೇ. 1990ರ ದಶಕದಲ್ಲಿ ಬಳ್ಳಿ ನೆಟ್ಟು 2000ರಲ್ಲಿ ಮೊದಲ ವೈನ್ ಮಾರುಕಟ್ಟೆಗೆ ಬಿಟ್ಟವರು ಅವರು. ವೈನರಿಗೆ ಹೊಂದಿಕೊಂಡೇ 'ದಿ ಸೋರ್ಸ್' ಅನ್ನುವ ರೆಸಾರ್ಟ್ ಇದೆ, ಸ್ವಲ್ಪ ಆಚೆ ನೀರಿನ ಕಡೆ 'ಬಿಯಾಂಡ್' ಇದೆ. ಯಾರ್ಕ್, ಸೋಮಾ ವೈನರಿಗಳೂ ಇದೇ ಸುತ್ತಿನಲ್ಲಿವೆ. ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಗ್ರೇಪ್ ಪಾರ್ಕ್ ರೆಸಾರ್ಟ್ ಕೂಡ ಜಲಾಶಯದ ಹತ್ತಿರವೇ ಇದೆ. ಮಕ್ಕಳು ದೊಡ್ಡವರು ಇದ್ದವರು ಅದನ್ನೂ ಒಮ್ಮೆ ನೋಡಿ, ವೈನ್ ಗಲಾಟೆಯಿಂದ ಸ್ವಲ್ಪ ದೂರ, ನೀರು ಹತ್ತಿರ. ಈ ಕಡೆಯಿಂದ ತ್ರ್ಯಂಬಕಕ್ಕೆ ಮುಕ್ಕಾಲು ಗಂಟೆ ಸಾಕು, ಊರಿನ ಟ್ರಾಫಿಕ್ಕಿಗೆ ಸಿಗದೇ ಹೋಗಬಹುದು.

ಎರಡನೆಯದು ಊರು. ಊರೊಳಗಾದರೆ ಕಾಲೇಜ್ ರೋಡ್, ಗಂಗಾಪುರ ರೋಡಿನ ಊರ ಕಡೆಯ ತುದಿ, ಇವೆರಡೇ ನೋಡಿ. ಊಟಕ್ಕೆ ಹತ್ತು ಹೋಟೆಲ್, ರಾತ್ರಿ ಹನ್ನೊಂದರವರೆಗೆ ಆಟೋ, ಬೆಳಿಗ್ಗೆ ತಿಂಡಿಗೆ ಮೊಳಕೆಕಾಳಿನ ಮಿಸಳ್. ನಾಸಿಕ್ ಮಿಸಳ್ ತಿನ್ನದೆ ಬರಬೇಡಿ, ಕಟ್ ಅನ್ನುವ ಆ ಕೆಂಪು ಖಾರದ ರಸ ನಮ್ಮ ಬಾಯಿಗೆ ಸರಿಯಾಗಿ ಹೊಂದುತ್ತದೆ. ಪಂಚವಟಿಯಲ್ಲಿ ಯಾತ್ರಿಕರ ವಸತಿ ಅಗ್ಗ, ಅವ್ವನಿಗೆ ಖುಷಿ, ಆದರೆ ಕುಡಿದು ಅಲ್ಲಿಗೆ ಹೋಗಿ ಮಲಗುವುದು ನನಗೆ ಸರಿ ಅನಿಸುವುದಿಲ್ಲ. ನಾಸಿಕ್ ರೋಡ್ ಸ್ಟೇಷನ್ ಪಕ್ಕದ ಲಾಡ್ಜ್ ಬೆಳಗಿನ ಜಾವದ ರೈಲು ಇದ್ದರೆ ಮಾತ್ರ.

ಮೂರನೆಯದು ಇಗತ್‌ಪುರಿ ಕಡೆ, ನಾಸಿಕ್‌ನಿಂದ ಮುಂಬೈ ದಾರಿಯಲ್ಲಿ 45 ಕಿ.ಮೀ. ಆಸುಪಾಸು. ಘಟ್ಟ, ಕೆರೆ, ಮಳೆ. ಗ್ರೋವರ್ ಜಂಪಾ ವೈನರಿ ಸಂಜೇಗಾಂವ್‌ನಲ್ಲಿದೆ, ಕಾವ್ನೈ ಹತ್ತಿರ ವಲೋನೆ ಅನ್ನುವ ಚಿಕ್ಕ ವೈನರಿ ಇದೆ, ಅಲ್ಲೇ ನಾಲ್ಕಾರು ರೂಮುಗಳೂ ಇವೆ, ಎದುರಿಗೆ ಮುಕಣೆ ಜಲಾಶಯ. ಸದ್ದು ಬೇಡ, ಸುಮ್ನೆ ಕೂತರೆ ಸಾಕು ಅನ್ನುವ ಇಬ್ಬರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಇಲ್ಲಿ ಉಳಿದು ನಾಸಿಕ್ ಊರೂ ನೋಡುತ್ತೇನೆ, ತ್ರ್ಯಂಬಕವೂ ನೋಡುತ್ತೇನೆ ಅಂದರೆ ಆಗದು. ಎರಡನೇ ಸಲ ನಾನು ಮಾಡಿದ ಅರ್ಧ ತಪ್ಪು ಇದೇ. ರೂಮು ಚಿನ್ನದಂಥದ್ದು, ನಾವು ಮಾತ್ರ ಇಡೀ ದಿನ ಹೈವೇ ಮೇಲೆ.

ನಾಲ್ಕನೆಯದು ದಿಂಡೋರಿ, ನಿಫಾಡ್, ವಿಂಚೂರ್ ಕಡೆ. ನಿಜವಾದ ದ್ರಾಕ್ಷಿ ರೈತರ ಸೀಮೆ ಇದು. ಹಗಲು ನೋಡಿ ಬನ್ನಿ, ಉಳಿಯುವ ಯೋಚನೆ ಚಿಕ್ಕ ಪ್ರವಾಸಕ್ಕೆ ಬೇಡ.

ತಿಂಗಳು ನೋಡಿ, ವಾರ ನೋಡಿ

ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್ ಸುತ್ತಮುತ್ತ ಇನ್ನೊಂದು. ಹಣ್ಣು ಬರುವುದು ಅಕ್ಟೋಬರ್ ಚಾಟ್ನಿಯ ಮೇಲೆ. ಜನವರಿಯಿಂದ ಮಾರ್ಚ್‌ವರೆಗೆ ಗೊನೆ ತುಂಬಿರುತ್ತದೆ, ಆಗ 'ತೋಟ ಕಾಣುವ ರೂಮು' ಅಂತ ಹೆಚ್ಚು ಕೊಡುವುದರಲ್ಲಿ ಅರ್ಥ ಇದೆ. ಮಳೆಗಾಲದಲ್ಲಿ ಎಲೆ ಹಸಿರಾಗಿರುತ್ತದೆ, ಹಣ್ಣು ಇರುವುದಿಲ್ಲ, ಆದರೂ ಗುಡ್ಡ ನೋಡಲು ಚಂದ. ಏಪ್ರಿಲ್ ಕಥೆ ಮೇಲೆ ಹೇಳಿದೆನಲ್ಲ. ಇನ್ನೊಂದು, ವೈನ್ ದ್ರಾಕ್ಷಿ ನಮ್ಮ ಥಾಮ್ಸನ್, ಸೋನಾಕಾ ಥರ ಉದ್ದುದ್ದ ಇರುವುದಿಲ್ಲ. ಸಣ್ಣದು, ದಪ್ಪ ಸಿಪ್ಪೆ, ಒಳಗೆ ಬೀಜ. ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ, ಮೇಲೆ ಔಷಧ ಹೊಡೆದಿರುತ್ತಾರೆ.

ವಾರದ ವಿಷಯ ಇನ್ನೂ ಮುಖ್ಯ. ಮುಂಬೈ ಅಲ್ಲಿಂದ 170 ಕಿಲೋಮೀಟರ್ ಒಳಗೆ, ಪುಣೆ 210ರ ಆಸುಪಾಸು. ಶುಕ್ರವಾರ ಸಂಜೆ ಎರಡೂ ಊರು ನಾಸಿಕ್ ಕಡೆ ತಿರುಗುತ್ತವೆ, ರೂಮಿನ ರೇಟು ಏರುತ್ತದೆ, ಹುಲ್ಲುಹಾಸಿನ ಮೇಲೆ ಸಂಗೀತ, ಮದುವೆ, ಹುಟ್ಟುಹಬ್ಬ. ನಾವು ದೂರದಿಂದ ರಜೆ ಹಾಕಿ ಹೋಗುವವರು, ನಮಗೇಕೆ ಆ ನೂಕುನುಗ್ಗಲು? ಭಾನುವಾರ ಹೊರಟು ಮಂಗಳವಾರ ವಾಪಸಾಗಿ. ಅದೇ ರೂಮು ಕಡಿಮೆಗೆ ಸಿಗುತ್ತದೆ, ಬಡಿಸುವವರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರುತ್ತದೆ. ಆದರೆ ಸೋಮವಾರ ತ್ರ್ಯಂಬಕಕ್ಕೆ ಹೋಗಬೇಡಿ, ಶಿವನ ವಾರ, ಸಾಲು ಮುಗಿಯುವುದಿಲ್ಲ. ಸೋಮವಾರ ವೈನ್, ಮಂಗಳವಾರ ಬೆಳಿಗ್ಗೆ ದೇವರು.

ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ಈ ದಿನಗಳಲ್ಲಿ ಮದ್ಯ ಮಾರಾಟ ಇಲ್ಲ. ಗಣರಾಜ್ಯೋತ್ಸವದ ರಜೆ ನೋಡಿಕೊಂಡು ವೈನ್ ಪ್ರವಾಸ ಹಾಕಿಕೊಂಡವರು ನನಗೆ ಗೊತ್ತಿದ್ದಾರೆ, ಅವರು ಚಹಾ ಕುಡಿದು ಬಂದರು. ಚುನಾವಣೆ ಇದ್ದರೂ ನೋಡಿಕೊಳ್ಳಿ. ಮತ್ತೆ 2027ರಲ್ಲಿ ನಾಸಿಕ್ ತ್ರ್ಯಂಬಕದಲ್ಲಿ ಸಿಂಹಸ್ಥ ಕುಂಭಮೇಳ. 12 ವರ್ಷಕ್ಕೊಮ್ಮೆ ಬರುವುದು, ಹಿಂದಿನದು 2015ರಲ್ಲಿ ಆಗಿತ್ತು. ಆ ವರ್ಷ ಸ್ನಾನದ ದಿನಗಳ ಸುತ್ತ ವೈನ್‌ಗೆ ಅಂತ ಆ ಕಡೆ ಹಾಯಲೇಬೇಡಿ.

ಬುಕ್ ಮಾಡುವ ಮೊದಲು ಫೋನ್ ಮಾಡಿ

ಆ್ಯಪ್‌ನಲ್ಲಿ ರೂಮು ಆರಿಸಿ, ಆದರೆ ದುಡ್ಡು ಕಟ್ಟುವ ಮೊದಲು ನೇರವಾಗಿ ಅಲ್ಲಿಗೇ ಫೋನ್ ಮಾಡಿ. ಕಲಬುರಗಿಯವರಿಗೆ ಹಿಂದಿ ತೊಂದರೆ ಇಲ್ಲ, ಆಳಂದ ಕಡೆಯವರಾದರೆ ಮರಾಠಿಯಲ್ಲೇ ಮುಗಿಸಬಹುದು. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: 'ರಾತ್ರಿ ಒಂಬತ್ತಕ್ಕೆ ನನಗೆ ಗಾಡಿ ಬೇಕಾದರೆ ಯಾರಿಗೆ ಹೇಳಬೇಕು?'

ಉತ್ತರ ಎರಡು ಥರ ಬರುತ್ತದೆ. 'ಆ್ಯಪ್‌ನಲ್ಲಿ ಸಿಗುತ್ತೆ ಸರ್' ಅಂದರೆ ಸಿಗುವುದಿಲ್ಲ ಅಂತ ತಿಳಿದುಕೊಳ್ಳಿ. 'ನಮ್ಮ ಹುಡುಗನೊಬ್ಬ ಇದ್ದಾನೆ, ಹೋಗಿ ಬರಲು ಇಷ್ಟು ತಗೋತಾನೆ' ಅಂತ ತಡವರಿಸದೆ ಹೇಳಿದರೆ ಆ ಜಾಗ ನಂಬಬಹುದು. ಇದು ಬರೀ ಅನುಕೂಲದ ಮಾತಲ್ಲ. ರಕ್ತದಲ್ಲಿ ಆಲ್ಕೋಹಾಲ್ 100 ಮಿಲಿಲೀಟರಿಗೆ 30 ಮಿಲಿಗ್ರಾಂ ದಾಟಿದರೆ ಕುಡಿದು ಗಾಡಿ ಓಡಿಸಿದ ಹಾಗೆ. ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ರುಚಿ ನೋಡುವುದು ಅಂತ ಸಣ್ಣ ಸಣ್ಣ ಗುಟುಕು ಕೊಡುತ್ತಾರೆ, ನಾಲ್ಕೈದು ಬಗೆ ಮುಗಿಯುವಷ್ಟರಲ್ಲಿ ಒಂದು ಗ್ಲಾಸಿನ ಮೇಲಾಗಿರುತ್ತದೆ, ಗೊತ್ತೇ ಆಗುವುದಿಲ್ಲ. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ನಮ್ಮವರಲ್ಲಿ ಅದನ್ನು ಬಳಸಿದವರನ್ನು ನಾನಂತೂ ನೋಡಿಲ್ಲ. ರೊಕ್ಕ ಕೊಟ್ಟಿದ್ದು ಉಗುಳುವುದು ಹೇಗೆ, ಅಲ್ವಾ?

ಅದಕ್ಕೇ ವೈನ್ ಕುಡಿಯುವ ರಾತ್ರಿ ನಡೆದುಕೊಂಡು ಹೋಗಿ ಮಲಗುವ ಹಾಗಿರಲಿ. ವೈನರಿಯ ಒಳಗೇ ಇರುವ ರೂಮಿಗೆ ಅಷ್ಟು ಜಾಸ್ತಿ ಯಾಕೆ ಕೊಡಬೇಕು ಅಂದರೆ ನನ್ನ ಉತ್ತರ ಇದೊಂದೇ, ಈಜುಕೊಳವೂ ಅಲ್ಲ, ಕಿಟಕಿಯೂ ಅಲ್ಲ.

ಉಳಿದ ಪ್ರಶ್ನೆಗಳು: ಅಡುಗೆಮನೆ ಎಷ್ಟು ಹೊತ್ತಿಗೆ ಬಂದ್? ಕಾಣುವ ತೋಟ ನಿಮ್ಮದೋ, ಪಕ್ಕದವರದೋ? ('ಹತ್ತಿರ' ಅಂದರೆ ಗಾಡಿಯಲ್ಲಿ, 'ಕಾಣುತ್ತದೆ' ಅಂದರೆ ದೂರದಲ್ಲಿ. ಬಾಗಿಲಿನಿಂದ ಬಳ್ಳಿಗೆ ಎಷ್ಟು ಹೆಜ್ಜೆ ಅಂತ ಕೇಳಿ, ಆಗ ನಿಜ ಹೊರಬರುತ್ತದೆ.) ಆ ವಾರ ಮದುವೆ ಗಿದುವೆ ಇದೆಯಾ? ಶುದ್ಧ ಶಾಕಾಹಾರಿ ಅಡುಗೆ ಬೇರೆ ಮಾಡುತ್ತೀರಾ? ಭಾಕ್ರಿ ಇದೆಯಾ ಅಂತಲೂ ಕೇಳಿಡಿ, ನಮ್ಮ ತೆಳು ಜೋಳದ ರೊಟ್ಟಿ ಅಲ್ಲದಿದ್ದರೂ ಅವ್ವನ ಹೊಟ್ಟೆಗೆ ಒಗ್ಗುತ್ತದೆ. ಬೆಳಿಗ್ಗೆ ಔಷಧ ಹೊಡೆಯುವ ಟ್ರ್ಯಾಕ್ಟರ್ ಬರುತ್ತದಾ? ಇದನ್ನು ಯಾರೂ ಕೇಳುವುದಿಲ್ಲ. ಬಳ್ಳಿಗೆ ಅಂಟಿಕೊಂಡ ರೂಮಿನಲ್ಲಿ ಬೆಳಗಿನ ಆರಕ್ಕೆ ಬ್ಲೋವರ್ ಸದ್ದು, ವಾಸನೆ ಎರಡೂ ಒಳಗೆ ಬರುತ್ತವೆ. ದಮ್ಮು ಇದ್ದವರು ಜೊತೆಗಿದ್ದರೆ ತೋಟದಿಂದ ನಾಲ್ಕು ಹೆಜ್ಜೆ ದೂರದ ರೂಮೇ ಕೇಳಿ.

ರೊಕ್ಕದ ಲೆಕ್ಕ

ಪರದೆ ಮೇಲೆ ಕಾಣುವ ರೇಟು ಕೊನೇ ರೇಟಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5%, ಅದರ ಮೇಲಾದರೆ 18%. 7,400ರ ರೂಮು ತೆರಿಗೆ ಸೇರಿ 7,770 ಆಗುತ್ತದೆ, 7,600ರ ರೂಮು 8,968 ಆಗುತ್ತದೆ. ರೇಟಿನಲ್ಲಿ ಇನ್ನೂರರ ವ್ಯತ್ಯಾಸ, ಜೇಬಿನಲ್ಲಿ ಹನ್ನೆರಡು ನೂರರದು. 7,500ರ ಗೆರೆ ಸ್ವಲ್ಪವೇ ದಾಟಿದ ರೂಮು ಇದ್ದರೆ ಫೋನಿನಲ್ಲಿ ಚೌಕಾಸಿ ಮಾಡಿ, ವಾರದ ನಡುವೆ ಎಷ್ಟೋ ಸಲ ಇಳಿಸುತ್ತಾರೆ. ತಿಂಡಿ ಸೇರಿದೆಯಾ, ವೈನರಿ ಸುತ್ತಾಟ, ರುಚಿ ನೋಡುವುದು ಸೇರಿದೆಯಾ, ಮಕ್ಕಳಿಗೆ ಹೆಚ್ಚುವರಿ ಹಾಸಿಗೆಗೆ ಎಷ್ಟು, ರದ್ದು ಮಾಡಿದರೆ ಎಷ್ಟು ವಾಪಸ್ ಅನ್ನುವುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಕೌಂಟರಿನಲ್ಲಿ ನಿಲ್ಲುವುದಿಲ್ಲ.

ನಾವು ಕೊನೆಗೆ ಮಾಡಿದ್ದು

ಭಾನುವಾರ ರಾತ್ರಿ ಎಂಟಕ್ಕೆ ಕಾಲೇಜ್ ರೋಡಿನ ಸಾದಾ ಹೋಟೆಲ್. ಸೋಮವಾರ ಬೆಳಿಗ್ಗೆ ಮಿಸಳ್ ತಿಂದು, ಪಂಚವಟಿ ನೋಡಿ, ಹನ್ನೊಂದಕ್ಕೆ ರೂಮು ಬಿಟ್ಟು ಗಂಟು ಗಾಡಿಗೆ ಹಾಕಿದೆವು. ತೋಟದ ರೂಮು ಕೊಡುವುದು ಮಧ್ಯಾಹ್ನದ ಮೇಲೆ, ಅದಕ್ಕೆ ಮೊದಲೇ ಹೋಗಿ ಸಾಮಾನು ಅವರ ಕೌಂಟರಿಗೆ ಒಪ್ಪಿಸಿ ಊಟಕ್ಕೆ ಕೂತೆವು. ನಾಲ್ಕಕ್ಕೆ ವೈನರಿ ಸುತ್ತಾಟ, ದೊಡ್ಡ ಉಕ್ಕಿನ ಟ್ಯಾಂಕು, ಓಕ್ ಮರದ ಪೀಪಾಯಿ, ಹುಳಿ ವಾಸನೆ. ಐದೂವರೆಗೆ ಗುಡ್ಡದ ಹಿಂದೆ ಹೊತ್ತು ಇಳಿಯುವಾಗ ಭಾವನ ಕೈಯಲ್ಲಿ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್, ಅವ್ವನ ಕೈಯಲ್ಲಿ ಚಹಾ. ಅವಳು ಒಂದು ಗೊನೆ ಅಂಗೈಯಲ್ಲಿ ತೂಗಿ ನೋಡಿ, 'ಇಷ್ಟು ಸಣ್ಣ ಹಣ್ಣಿಗೆ ಇಷ್ಟೊಂದು ಸಂಭ್ರಮಾನ?' ಅಂದಳು. ರಾತ್ರಿ ಯಾರೂ ಕೀಲಿ ಹುಡುಕಲಿಲ್ಲ, ನಡೆದು ಹೋಗಿ ಮಲಗಿದೆವು.

ಮಂಗಳವಾರ ನಸುಕಿನಲ್ಲೇ ತ್ರ್ಯಂಬಕ. ವಾಪಸ್ ರೈಲು ಮನ್ಮಾಡ್‌ನಿಂದ ಆದರೆ ನಾಸಿಕ್ ಬಿಡುವಾಗ ಕೈಯಲ್ಲಿ ಮೂರು ತಾಸು ಇಟ್ಟುಕೊಳ್ಳಿ, ಊರು ದಾಟುವುದಕ್ಕೇ ಒಂದು ತಾಸು ಹೋಗುತ್ತದೆ. ಬಾಟಲಿ ತರುವ ಆಸೆ ಇದ್ದರೆ ಕರ್ನಾಟಕದ ಅಬಕಾರಿ ಮಿತಿ ಹೊರಡುವ ಮೊದಲೇ ನೋಡಿಕೊಂಡು, ಬಿಲ್ಲು ಜೇಬಿನಲ್ಲೇ ಇಟ್ಟುಕೊಳ್ಳಿ. ನಾವು ತಂದಿದ್ದು ಎರಡು ಕಿಲೋ ಒಣದ್ರಾಕ್ಷಿ. ಅದು ವಿಜಯಪುರದಲ್ಲೇ ಸಿಗುತ್ತಿತ್ತು ಅಂತ ಅವ್ವ ಸೋಲಾಪುರ ಬರುವವರೆಗೂ ಅಂದಳು.